ಕಾಂಟೂರ್ ಗೆರೆ ಓದುವುದು ಹೇಗೆ: ಮೊದಲು ಹಳ್ಳ, ಆಮೇಲೆ ಗುಡ್ಡ

ಟೋಪೋಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯ ಹಾಳೆ, ಬಿಡಿಸಿದ ತಕ್ಷಣ ಎಲ್ಲರ ಕಣ್ಣು ಗುಡ್ಡದ ಕಡೆಗೇ ಹೋಗುತ್ತದೆ. ಕಂದು ಬಣ್ಣದ ಕಾಂಟೂರ್ ಗೆರೆಗಳು ಒತ್ತಾಗಿರುವ ಜಾಗ, ನಡುವೆ ಒಂದು ಅಂಕಿ. ಅದು ಎತ್ತರದ ಜಾಗ ಅಂತ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಏನು ನೋಡಬೇಕು ಅಂತ ತಿಳಿಯದೆ ಬಹಳ ಜನ ಹಾಳೆಯನ್ನು ಮಡಚಿ ಇಟ್ಟುಬಿಡುತ್ತಾರೆ.

ನಾನು ಹೇಳುವ ಕ್ರಮ ಬೇರೆ. ಮೊದಲು ಹಳ್ಳ ಹುಡುಕಿ. ನೀರು ಯಾವ ಕಡೆ ಹರಿಯುತ್ತದೆ ಅಂತ ಗೊತ್ತಾದರೆ ಯಾವ ಕಡೆ ತಗ್ಗು, ಯಾವ ಕಡೆ ದಿನ್ನೆ ಅನ್ನುವುದು ಒಂದು ಅಂಕಿಯನ್ನೂ ಓದದೆ ಗೊತ್ತಾಗುತ್ತದೆ. ಆಮೇಲೆ ಅಂಕಿ ನೋಡಿದರೆ ಅದು ಸುಮ್ನೆ ಅಂಕಿಯಾಗಿ ಉಳಿಯುವುದಿಲ್ಲ. ನಮ್ಮ ಧಾರವಾಡ, ಗದಗ, ಹಾವೇರಿ ಕಡೆ ಈ ಕ್ರಮ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಯಾಕೆಂದರೆ ಇಲ್ಲಿ ಎತ್ತರದ ಗುಡ್ಡ ಕಡಿಮೆ, ಹಳ್ಳಗಳು ಜಾಸ್ತಿ.

ಹಾಳೆ ಎಲ್ಲಿ ಸಿಗುತ್ತದೆ, ನಂಬರ್ ಏನು

ನಮ್ಮ ದೇಶದ ಟೋಪೋಶೀಟ್ ತಯಾರಿಸುವುದು ಸರ್ವೇ ಆಫ್ ಇಂಡಿಯಾ. 1767ರಲ್ಲಿ ಶುರುವಾದ ಇಲಾಖೆ, ಮುಖ್ಯ ಕಚೇರಿ ಡೆಹ್ರಾಡೂನ್‌ನಲ್ಲಿದೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಸಾಮಾನ್ಯ ಜನರಿಗೆಂದೇ ಓಪನ್ ಸೀರೀಸ್ ನಕ್ಷೆಗಳು ಬಂದವು. ಇಲಾಖೆಯ ಆನ್‌ಲೈನ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿಕೊಂಡು ಪಿಡಿಎಫ್ ಇಳಿಸಿಕೊಳ್ಳಬಹುದು. ನಮಗೆ ಬೇಕಾದದ್ದು 1:50,000 ಅಳತೆಯ ಹಾಳೆ. ಅಂದರೆ ಹಾಳೆ ಮೇಲಿನ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್, 1 ಮಿಲಿಮೀಟರ್ ಅಂದರೆ 50 ಮೀಟರ್. ಈ ಎರಡು ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಹುಬ್ಬಳ್ಳಿ ಇರುವುದು ಹಳೆಯ ಲೆಕ್ಕದಲ್ಲಿ 48 ಎಂ/3 ಅನ್ನುವ ಹಾಳೆಯಲ್ಲಿ. ಗದಗ 48 ಎಂ/11, ಹಾವೇರಿ 48 ಎನ್/5. ಓಪನ್ ಸೀರೀಸ್‌ನಲ್ಲಿ ಶುರುವಿನ ಅಂಕಿ ಬದಲಾಗಿದೆ, ಹುಬ್ಬಳ್ಳಿಯ ಹಾಳೆ ಡಿ43ಎಂ3 ಆಗಿದೆ. ಧಾರವಾಡದವರು ಮಾತ್ರ ಸ್ವಲ್ಪ ಗಮನಿಸಬೇಕು. 75 ಡಿಗ್ರಿ ಪೂರ್ವ ರೇಖಾಂಶ ಊರಿನೊಳಗೇ ಹಾಯ್ದು ಹೋಗುತ್ತದೆ, ಹಾಳೆ ಕತ್ತರಿಸುವುದೂ ಅದೇ ರೇಖೆಯ ಮೇಲೆ. ಹಾಗಾಗಿ ಊರಿನ ಪೂರ್ವದ ಭಾಗ 48 ಎಂ/3ರಲ್ಲಿ ಇದ್ದರೆ, ಕೆಲಗೇರಿ ಮತ್ತು ಕರ್ನಾಟಕ ವಿಶ್ವವಿದ್ಯಾಲಯದ ಕಡೆಯ ಭಾಗ ಪಕ್ಕದ 48 ಐ/15ರಲ್ಲಿ ಇರುತ್ತದೆ. ಎರಡನ್ನೂ ಇಳಿಸಿಕೊಂಡು ಅಂಚಿಗೆ ಅಂಚು ಅಂಟಿಸಿ. ಕಾಂಟೂರ್ ಗೆರೆ ಹಾಳೆಯ ಅಂಚಿನಲ್ಲಿ ಮುಗಿಯುವುದಿಲ್ಲ, ಪಕ್ಕದ ಹಾಳೆಯಲ್ಲಿ ಅದೇ ಎತ್ತರದ ಗೆರೆಯಾಗಿ ಮುಂದುವರಿಯುತ್ತದೆ.

ಹಾಳೆ ಕೈಗೆ ಬಂದ ಮೇಲೆ ಮೊದಲು ಕೆಳಗಿನ ಅಂಚು ಓದಿ. ಅಳತೆ ಎಷ್ಟು, ಯಾವ ವರ್ಷದ ಸರ್ವೆ, ಎರಡು ಕಾಂಟೂರ್ ಗೆರೆಗಳ ನಡುವಿನ ಎತ್ತರ ಎಷ್ಟು. 1:50,000 ಹಾಳೆಯಲ್ಲಿ ಈ ಅಂತರ ಸಾಮಾನ್ಯವಾಗಿ 20 ಮೀಟರ್. ಹಳೆಯ ಇಂಚು-ಮೈಲಿಯ ಹಾಳೆ ಎಲ್ಲಾದರೂ ಸಿಕ್ಕಿದರೆ ಅದರಲ್ಲಿ ಎತ್ತರ ಅಡಿಯಲ್ಲಿ ಇರುತ್ತದೆ, ಮೀಟರ್ ಅಂದುಕೊಂಡರೆ ಲೆಕ್ಕ ಪೂರ್ತಿ ಕೆಡುತ್ತದೆ.

ಗೆರೆ ಅಂದರೆ ಏನು

ಬೇಸಿಗೆಯಲ್ಲಿ ಕೆರೆಯ ನೀರು ಇಳಿಯುತ್ತಾ ಹೋದ ಹಾಗೆ ದಂಡೆಯ ಮೇಲೆ ಒಂದರ ಕೆಳಗೆ ಒಂದು ಗುರುತು ಉಳಿಯುತ್ತದೆ, ನೋಡಿದ್ದೀರಲ್ವಾ? ಒಂದೊಂದು ಗುರುತೂ ಒಂದೊಂದು ಮಟ್ಟ. ಒಂದೇ ಗುರುತಿನ ಮೇಲೆ ನಡೆಯುತ್ತಾ ಹೋದರೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ದಂಡೆ ಚಪ್ಪಟೆ ಇರುವ ಕಡೆ ಗುರುತುಗಳು ದೂರ ದೂರ ಇರುತ್ತವೆ. ಕಡಿದಾಗಿರುವ ಕಡೆ, ಅದರಲ್ಲೂ ಏರಿಯ ಹತ್ತಿರ, ಒತ್ತಾಗಿ ಕೂರುತ್ತವೆ. ಕಾಂಟೂರ್ ಗೆರೆ ಅಂದರೆ ಇದೇ. ಶಾಲೆಯಲ್ಲಿ ಸಮೋನ್ನತ ರೇಖೆ ಅಂತ ಓದಿದ್ದು ಇದನ್ನೇ.

ಈ ಉಪಾಯದ ಹಿಂದೆ ಒಂದು ಒಳ್ಳೆಯ ಕಥೆ ಇದೆ. 1774ರಲ್ಲಿ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಸುತ್ತ ಅಳತೆ ಮಾಡಿದರು. ಬೆಟ್ಟದ ಸೆಳೆತದಿಂದ ಭೂಮಿಯ ತೂಕ ಕಂಡುಹಿಡಿಯುವುದು ಉದ್ದೇಶ. ಲೆಕ್ಕ ಹಾಕಲು ಕೂತ ಗಣಿತಜ್ಞ ಚಾರ್ಲ್ಸ್ ಹಟನ್ ಎದುರು ಇದ್ದದ್ದು ನಕ್ಷೆಯ ತುಂಬ ಎತ್ತರದ ಅಂಕಿಗಳು. ಬೆಟ್ಟದ ಆಕಾರವೇ ಕಾಣುತ್ತಿರಲಿಲ್ಲ. ಒಂದೇ ಎತ್ತರದ ಅಂಕಿಗಳನ್ನೆಲ್ಲ ಗೆರೆ ಎಳೆದು ಕೂಡಿಸಿದ ಮೇಲೆ ಬೆಟ್ಟ ಎದ್ದು ಕಂಡಿತು. ಅಂಕಿಗಿಂತ ಆಕಾರ ಮೊದಲು ಅನ್ನುವುದು ಅಲ್ಲಿಂದಲೇ ಬಂದದ್ದು.

ಈಗ ಹಳ್ಳ ಹುಡುಕಿ

ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಪ್ರಿಂಟ್ ಹಾಕಿದ ಹಾಳೆಯ ಮೇಲೆ ಎಲ್ಲ ಹಳ್ಳಗಳನ್ನೂ ತಿದ್ದುತ್ತಾ ಹೋಗಿ. ಇಲ್ಲಿ ಹೊಸಬರು ತಡವರಿಸುತ್ತಾರೆ, ಯಾಕೆಂದರೆ ಅವರು ನೀಲಿ ಬಣ್ಣ ಮಾತ್ರ ಹುಡುಕುತ್ತಾರೆ. ಸರ್ವೇ ಆಫ್ ಇಂಡಿಯಾ ಹಾಳೆಯಲ್ಲಿ ನೀರಿರುವ ಜಾಗ ನೀಲಿ, ಬೇಸಿಗೆಯಲ್ಲಿ ಒಣಗುವ ಹಳ್ಳ ಕಪ್ಪು. ನಮ್ಮ ಕಡೆಯ ಹಳ್ಳಗಳಲ್ಲಿ ಬಹಳಷ್ಟು ಮಳೆಗಾಲ ಮುಗಿದ ಕೂಡಲೇ ಒಣಗುವಂಥವು, ಹಾಗಾಗಿ ಅವು ತೆಳ್ಳಗಿನ ಕಪ್ಪು ಗೆರೆಗಳಾಗಿ ಕಾಣುತ್ತವೆ. ಕಾಲುದಾರಿಯೂ ಕೆಂಪು ತುಂಡು ಗೆರೆಯಾಗಿ ಅಲ್ಲೇ ಹತ್ತಿರದಲ್ಲಿ ಹರಿದಿರುತ್ತದೆ, ಎರಡನ್ನೂ ಬೇರೆ ಬೇರೆಯಾಗಿ ನೋಡಿ.

ಹಳ್ಳಗಳನ್ನು ತಿದ್ದಿ ಮುಗಿದ ಮೇಲೆ, ಕಾಂಟೂರ್ ಗೆರೆ ಹಳ್ಳವನ್ನು ದಾಟುವ ಜಾಗಗಳನ್ನು ನೋಡಿ. ಪ್ರತಿ ಸಲವೂ ಗೆರೆ ಅಲ್ಲಿ ಚೂಪಾಗಿ ತಿರುಗಿರುತ್ತದೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಆ ಚೂಪು ತುದಿ ಯಾವಾಗಲೂ ಹಳ್ಳದ ಮೇಲ್ಭಾಗದ ಕಡೆಗೆ, ಅಂದರೆ ನೀರು ಬರುವ ದಿಕ್ಕಿಗೆ ತೋರಿಸುತ್ತದೆ. ಇದನ್ನು ನಿಯಮ ಅಂತ ಬಾಯಿಪಾಠ ಮಾಡುವುದಕ್ಕಿಂತ ಕಾರಣ ತಿಳಿದುಕೊಂಡರೆ ಮರೆಯುವುದಿಲ್ಲ. ನೀವು ಗುಡ್ಡದ ಪಕ್ಕದಲ್ಲಿ ಒಂದೇ ಮಟ್ಟದಲ್ಲಿ ನಡೆಯುತ್ತಿದ್ದೀರಿ ಅಂದುಕೊಳ್ಳಿ. ಎದುರು ಒಂದು ಹಳ್ಳ ಬಂತು. ನೇರ ಹೋದರೆ ಹಳ್ಳಕ್ಕೆ ಇಳಿಯಬೇಕು, ಆಗ ಮಟ್ಟ ತಪ್ಪುತ್ತದೆ. ಮಟ್ಟ ಬಿಡದೆ ದಾಟಬೇಕು ಅಂದರೆ ಹಳ್ಳದ ದಂಡೆ ಹಿಡಿದು ಮೇಲಕ್ಕೆ ಹೋಗಬೇಕು, ಹಳ್ಳದ ತಳವೇ ನಿಮ್ಮ ಮಟ್ಟಕ್ಕೆ ಬಂದ ಜಾಗದಲ್ಲಿ ದಾಟಿ ಆಚೆ ದಂಡೆಯ ಮೇಲೆ ವಾಪಸ್ ಬರಬೇಕು. ನೀವು ನಡೆದ ದಾರಿಯೇ ಆ ವಿ ಆಕಾರ.

ಎರಡು ಹಳ್ಳಗಳ ನಡುವೆ ಇರುವ ಏಣಿನ, ಅಂದರೆ ಉದ್ದನೆಯ ದಿನ್ನೆಯ, ಮೇಲೆ ಇದರ ಉಲ್ಟಾ ಆಗುತ್ತದೆ. ಅಲ್ಲಿ ಗೆರೆಯ ಬಾಗು ಕೆಳಗಿನ ಕಡೆಗೆ ಚಾಚಿರುತ್ತದೆ. ಸಾಮಾನ್ಯವಾಗಿ ಏಣಿನ ಬಾಗು ದುಂಡಗೆ, ಹಳ್ಳದ ಬಾಗು ಚೂಪಾಗಿ ಇರುತ್ತದೆ, ಆದರೆ ಇದನ್ನೇ ನಂಬಿ ಕೂರಬೇಡಿ. ಕೊಳ್ಳವೋ ಏಣೋ ಅಂತ ಅನುಮಾನ ಬಂದರೆ ಅಂಕಿ ನೋಡಿ. ಬಾಗಿದ ತುದಿ ಜಾಸ್ತಿ ಎತ್ತರದ ಗೆರೆಯ ಕಡೆ ಇದ್ದರೆ ಕೊಳ್ಳ, ಕಡಿಮೆ ಎತ್ತರದ ಕಡೆ ಇದ್ದರೆ ಏಣು.

ಕೆರೆಗಳೂ ದಿಕ್ಕು ಹೇಳುತ್ತವೆ. ಕೆರೆಯ ಏರಿ ಯಾವಾಗಲೂ ತಗ್ಗಿನ ಕಡೆ ಇರುತ್ತದೆ, ನೀರಿನ ಬಾಲ ದಿನ್ನೆಯ ಕಡೆ ಚಾಚಿರುತ್ತದೆ. ನಕ್ಷೆಯಲ್ಲಿ ಏರಿ ದಪ್ಪ ಗೆರೆಯಾಗಿ ಕಾಣುತ್ತದೆ. ಅದರ ಹತ್ತಿರ ಒಂದು ಸಣ್ಣ ಅಂಕಿ, ಪಕ್ಕದಲ್ಲಿ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ಅದು ಸಮುದ್ರಮಟ್ಟದಿಂದ ಎತ್ತರ ಅಲ್ಲ, ಸುತ್ತಲಿನ ನೆಲದಿಂದ ಆ ಏರಿ ಎಷ್ಟು ಮೀಟರ್ ಎತ್ತರ ಇದೆ ಅನ್ನುವುದು. ಕಾಂಟೂರ್ ಗೆರೆ ಅಪರೂಪವಾಗಿರುವ ಬಯಲಿನಲ್ಲಿ ಇಳಿಜಾರಿನ ದಿಕ್ಕು ತಿಳಿಯಲು ನಾನು ಮೊದಲು ನೋಡುವುದು ಕೆರೆ ಏರಿಯನ್ನೇ.

ಧಾರವಾಡದಲ್ಲಿ ಮಾಡಿ ನೋಡಬೇಕಾದ ಅಭ್ಯಾಸ

ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಧಾರವಾಡದ ಎರಡು ಹಾಳೆ ಅಂಟಿಸಿಕೊಂಡು, ಊರಿನ ಸುತ್ತಲಿನ ಹಳ್ಳಗಳನ್ನು ಒಂದೊಂದಾಗಿ ಕೆಳಗೆ ಕೆಳಗೆ ಹಿಂಬಾಲಿಸಿ. ಪಶ್ಚಿಮ ಮತ್ತು ದಕ್ಷಿಣದ ಕಡೆ ಹೋಗುವವು ಒಂದು ಬಣ್ಣ, ಪೂರ್ವ ಮತ್ತು ಉತ್ತರದ ಕಡೆ ಹೋಗುವವು ಇನ್ನೊಂದು ಬಣ್ಣ.

ಸೋಮೇಶ್ವರ ದೇವಸ್ಥಾನದ ಹತ್ತಿರ ಹುಟ್ಟುವ ಶಾಲ್ಮಲಾ ಬೇಡ್ತಿಯನ್ನು ಸೇರುತ್ತದೆ, ಬೇಡ್ತಿ ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅಂಕೋಲಾ ತಾಲ್ಲೂಕಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಇನ್ನೊಂದು ಬಣ್ಣದ್ದು ತುಪ್ಪರಿಹಳ್ಳದ ಕಡೆಯದು. ಅದು ಬೆಣ್ಣೆಹಳ್ಳಕ್ಕೆ, ಬೆಣ್ಣೆಹಳ್ಳ ಮಲಪ್ರಭೆಗೆ, ಮಲಪ್ರಭೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಎರಡು ಬಣ್ಣಗಳು ಎಲ್ಲೂ ಮುಟ್ಟುವುದಿಲ್ಲ. ಅವುಗಳ ನಡುವೆ ಯಾವ ಹಳ್ಳವನ್ನೂ ದಾಟದ ಹಾಗೆ ಒಂದು ಗೆರೆ ಎಳೆಯಿರಿ. ಅದೇ ಜಲವಿಭಾಜಕ. ಗೆರೆಯ ಈ ಕಡೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ.

ಗೆರೆ ಎಳೆದ ಮೇಲೆ ಅದು ಹಾದುಹೋಗುವ ಜಾಗದ ಕಾಂಟೂರ್ ನೋಡಿ. ದೊಡ್ಡ ಗುಡ್ಡ ಕಾಣುವುದಿಲ್ಲ. ದುಂಡಗಿನ ದಿನ್ನೆಗಳು, ಅವುಗಳ ನಡುವೆ ತಗ್ಗು, ಅಷ್ಟೇ. ಇಡೀ ದಕ್ಷಿಣ ಭಾರತದ ನೀರನ್ನು ಎರಡು ಸಮುದ್ರಕ್ಕೆ ಹಂಚುವ ಏಣು ಇಲ್ಲಿ ಮನೆ, ಕಾಲೇಜು, ಹೊಲಗಳ ನಡುವೆ ಸಾಧಾರಣ ದಿನ್ನೆಯಾಗಿ ಹೋಗುತ್ತದೆ. ಹಳ್ಳಗಳನ್ನು ಮೊದಲು ತಿದ್ದದೆ ಬರೀ ಕಂದು ಗೆರೆ ನೋಡಿದ್ದರೆ ಇದು ಗೊತ್ತಾಗುತ್ತಲೇ ಇರಲಿಲ್ಲ.

ಹಾವೇರಿ ಜಿಲ್ಲೆಯವರು ಇದನ್ನೇ ಶಿಗ್ಗಾಂವಿ ತಾಲ್ಲೂಕಿನಲ್ಲಿ ಮಾಡಬಹುದು. ದುಂಡಶಿ ಕಡೆ ಹುಟ್ಟುವ ಬೆಣ್ಣೆಹಳ್ಳ ಉತ್ತರಕ್ಕೆ ತಿರುಗಿ ಮಲಪ್ರಭೆಗೆ ಹೋಗುತ್ತದೆ, ದಕ್ಷಿಣದ ಹಳ್ಳಗಳು ವರದಾ ನದಿಗೆ ಹೋಗುತ್ತವೆ. ವರದೆ ಗಳಗನಾಥದ ಹತ್ತಿರ ತುಂಗಭದ್ರೆ ಸೇರುತ್ತದೆ. ಇಲ್ಲಿ ಎರಡೂ ಕಡೆಯ ನೀರು ಕೊನೆಗೆ ಕೃಷ್ಣೆಯಲ್ಲೇ ಕೂಡುತ್ತದೆ, ಆದರೆ ಅಷ್ಟರೊಳಗೆ ಎರಡೂ ಬೇರೆ ಬೇರೆ ದಾರಿಯಲ್ಲಿ ಬಹಳ ದೂರ ಸುತ್ತಿರುತ್ತವೆ.

ಈಗ ಅಂಕಿಗೆ ಬನ್ನಿ

ಪ್ರತಿ ಐದನೆಯ ಗೆರೆ ದಪ್ಪ ಇರುತ್ತದೆ, ಅಂಕಿ ಬರೆದಿರುವುದು ಸಾಮಾನ್ಯವಾಗಿ ಅದರ ಮೇಲೆ. ಅಂತರ 20 ಮೀಟರ್ ಆದರೆ ದಪ್ಪ ಗೆರೆಗಳು 600, 700, 800 ಹೀಗೆ ನೂರು ನೂರಕ್ಕೆ ಬರುತ್ತವೆ. ನಡುವೆ ನಾಲ್ಕು ತೆಳು ಗೆರೆಗಳು, 620, 640, 660, 680. ನಿಮಗೆ ಬೇಕಾದ ಗೆರೆಗೆ ಅಂಕಿ ಇಲ್ಲದಿದ್ದರೆ ಹತ್ತಿರದ ದಪ್ಪ ಗೆರೆಯಿಂದ ಎಣಿಸಿ. ಏರುತ್ತಿದ್ದೀರೋ ಇಳಿಯುತ್ತಿದ್ದೀರೋ ಅನ್ನುವುದು ಹಳ್ಳದಿಂದ ಮೊದಲೇ ಗೊತ್ತಾಗಿರುತ್ತದೆ, ಹಾಗಾಗಿ ಕೂಡಿಸಬೇಕೋ ಕಳೆಯಬೇಕೋ ಅನ್ನುವ ಗೊಂದಲ ಇಲ್ಲ.

ಎರಡು ಗೆರೆಗಳ ನಡುವಿನ ಜಾಗದ ಎತ್ತರ ಅಂದಾಜು ಮಾಡಬಹುದು. 640 ಮತ್ತು 660ರ ನಡುವೆ ಸರಿಯಾಗಿ ಅರ್ಧದಲ್ಲಿ ನಿಂತಿದ್ದರೆ ಸುಮಾರು 650. ಗುಡ್ಡದ ನೆತ್ತಿಯ ಕೊನೆಯ ಸುತ್ತು 740 ಆಗಿದ್ದು ಒಳಗೆ ಬೇರೆ ಅಂಕಿ ಇಲ್ಲದಿದ್ದರೆ, ನೆತ್ತಿ 740ಕ್ಕಿಂತ ಎತ್ತರ, 760ಕ್ಕಿಂತ ಕಡಿಮೆ. ಇದಕ್ಕಿಂತ ಜಾಸ್ತಿ ಖಚಿತವಾಗಿ ಆ ಹಾಳೆಯಿಂದ ಹೇಳಲು ಬರುವುದಿಲ್ಲ.

ಖಚಿತ ಎತ್ತರ ಬೇಕಾದರೆ ಬೇರೆ ಗುರುತುಗಳಿವೆ. ಒಂದು ಚುಕ್ಕೆ ಮತ್ತು ಅಂಕಿ ಅಂದರೆ ಆ ಬಿಂದುವಿನ ಎತ್ತರ. ಒಂದು ತ್ರಿಕೋನ ಮತ್ತು ಅಂಕಿ ಅಂದರೆ ಸರ್ವೆಯವರು ಕೋನ ಅಳೆಯಲು ಬಳಸಿದ ಠಾಣೆ, ಇದು ಹೆಚ್ಚಾಗಿ ಗುಡ್ಡದ ನೆತ್ತಿಯ ಮೇಲೆ ಇರುತ್ತದೆ. ಬಿಎಂ ಅಂತ ಇದ್ದರೆ ಬೆಂಚ್ ಮಾರ್ಕ್, ಮಟ್ಟ ಹಿಡಿದು ಅಳೆದ ಜಾಗ. ಈ ಎತ್ತರಗಳೆಲ್ಲ ಸರಾಸರಿ ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು. 1909ರಲ್ಲಿ ಈ ಮಟ್ಟವನ್ನು ಗೊತ್ತುಮಾಡಲು ಒಂಬತ್ತು ಬಂದರುಗಳ ಉಬ್ಬರವಿಳಿತದ ಅಳತೆ ಬಳಸಿದರು, ಅದರಲ್ಲಿ ನಮ್ಮ ಕಾರವಾರವೂ ಒಂದು. ರೈಲ್ವೆ ನಿಲ್ದಾಣದ ಹಳದಿ ಬೋರ್ಡಿನಲ್ಲಿ ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎಷ್ಟು ಮೀಟರ್ ಅಂತ ಬರೆದಿರುತ್ತದಲ್ಲ, ಅದನ್ನು ನಿಮ್ಮ ಹಾಳೆಯ ಜೊತೆ ಹೋಲಿಸಿ ನೋಡಿ. ಧಾರವಾಡದ್ದು ಮತ್ತು ಹುಬ್ಬಳ್ಳಿಯದು ಎರಡನ್ನೂ ಬರೆದುಕೊಳ್ಳಿ. ಧಾರವಾಡ ಎಷ್ಟು ಮೇಲಿದೆ ಅನ್ನುವುದು ಆಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಇಳಿಜಾರು ಎಷ್ಟು

ಸ್ಕೇಲ್ ಇಟ್ಟು ಎರಡು ಪಕ್ಕದ ಗೆರೆಗಳ ನಡುವಿನ ದೂರ ಅಳೆಯಿರಿ. ಎತ್ತರದ ವ್ಯತ್ಯಾಸ 20 ಮೀಟರ್ ಅಂತ ಗೊತ್ತಿದೆ, ನೆಲದ ದೂರ ಮಾತ್ರ ಕಂಡುಹಿಡಿಯಬೇಕು. ಗೆರೆಗಳು 1 ಸೆಂಟಿಮೀಟರ್ ದೂರ ಇದ್ದರೆ 500 ಮೀಟರ್‌ಗೆ 20 ಮೀಟರ್ ಏರು, ಅಂದರೆ 25ಕ್ಕೆ 1. ಸೈಕಲ್ ತುಳಿಯುವವರಿಗೆ ಕಾಲಿಗೆ ಗೊತ್ತಾಗುತ್ತದೆ. 4 ಮಿಲಿಮೀಟರ್ ಇದ್ದರೆ 10ಕ್ಕೆ 1, ಒಳ್ಳೆಯ ಏರು. 2 ಮಿಲಿಮೀಟರ್ ಇದ್ದರೆ 5ಕ್ಕೆ 1, ಉಸಿರು ಹಿಡಿಯುತ್ತದೆ. 1 ಮಿಲಿಮೀಟರ್‌ಗೆ ಬಂದರೆ ಸುಮಾರು 22 ಡಿಗ್ರಿ, ದಾರಿ ಇಲ್ಲದ ಕಡೆ ಜಾರುವ ಕಲ್ಲುಗಳ ಮೇಲೆ ಇದು ಕಷ್ಟ.

ಒಂದು ಹೋಲಿಕೆ ಹೇಳುತ್ತೇನೆ. ಹುಬ್ಬಳ್ಳಿಯಿಂದ ಗೋವಾಕ್ಕೆ ಹೋಗುವ ರೈಲು ಕ್ಯಾಸಲ್‌ರಾಕ್ ದಾಟಿದ ಮೇಲೆ ಘಾಟ್ ಇಳಿಯುತ್ತದೆ. ಅಲ್ಲಿ ಇಳಿಜಾರು 37ಕ್ಕೆ 1. ರೈಲಿನ ಮಟ್ಟಿಗೆ ಇದು ಬಹಳ ಕಡಿದು, ಹೆಚ್ಚುವರಿ ಎಂಜಿನ್ ಬೇಕಾಗುತ್ತದೆ. ಟೋಪೋಶೀಟ್ ಮೇಲೆ ಲೆಕ್ಕ ಹಾಕಿದರೆ ಹಳಿಯ ಉದ್ದಕ್ಕೂ ಸುಮಾರು ಒಂದೂವರೆ ಸೆಂಟಿಮೀಟರ್‌ಗೆ ಒಂದು ಗೆರೆ ದಾಟುತ್ತದೆ, ಅಷ್ಟೇ. ಒಂದೂವರೆ ಸೆಂಟಿಮೀಟರ್ ನಮ್ಮ ಕಣ್ಣಿಗೆ ದೊಡ್ಡ ಜಾಗದ ಹಾಗೆ ಕಾಣುತ್ತದೆ. ಗೆರೆ ದೂರ ಇದೆ, ಚಪ್ಪಟೆ ನೆಲ ಅಂತ ಹೇಳುವ ಮೊದಲು ಸ್ಕೇಲ್ ಇಡಿ.

ನಡಿಗೆಯ ಸಮಯಕ್ಕೆ ಹಳೆಯ ಲೆಕ್ಕ ಒಂದಿದೆ. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು 1892ರಲ್ಲಿ ಹೇಳಿದ್ದು. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಹಾಳೆಗೆ ಇದು ಸಲೀಸಾಗಿ ಹೊಂದುತ್ತದೆ. ಹತ್ತುವಾಗ ಒಂದು ತೆಳು ಗೆರೆ ದಾಟಿದರೆ 2 ನಿಮಿಷ ಸೇರಿಸಿ, ಒಂದು ದಪ್ಪ ಗೆರೆಯಿಂದ ಇನ್ನೊಂದು ದಪ್ಪ ಗೆರೆಗೆ 10 ನಿಮಿಷ. ಅದು ತಂಪು ದೇಶದ ಲೆಕ್ಕ. ಏಪ್ರಿಲ್ ಬಿಸಿಲಲ್ಲಿ ಗದಗ ಕಡೆ ಗುಡ್ಡ ಹತ್ತುವವರು ಜಾಸ್ತಿ ಸಮಯ, ಜಾಸ್ತಿ ನೀರು ಇಟ್ಟುಕೊಳ್ಳಲೇಬೇಕು.

ಆಕಾರಗಳು, ನಮ್ಮ ಗುಡ್ಡಗಳ ಮೇಲೆ

ನರಗುಂದದ ಗುಡ್ಡ ಕಲಿಯುವವರಿಗೆ ಒಳ್ಳೆಯದು. ಸುತ್ತ ಎರೆ (ಕಪ್ಪು ಮಣ್ಣಿನ) ಬಯಲು, ಗೆರೆಗಳೇ ಅಪರೂಪ. ನಡುವೆ ಇದ್ದಕ್ಕಿದ್ದ ಹಾಗೆ ಒಂದರೊಳಗೆ ಒಂದು ಮುಚ್ಚಿದ ಸುತ್ತುಗಳು. ಒಂಟಿ ಗುಡ್ಡ ಅಂದರೆ ನಕ್ಷೆಯಲ್ಲಿ ಹೀಗೇ. ಮೇಲೆ ಕೋಟೆ ಯಾಕೆ ಕಟ್ಟಿದರು ಅನ್ನುವುದಕ್ಕೂ ಆ ಸುತ್ತುಗಳೇ ಉತ್ತರ, ಸುತ್ತಲೂ ಬಹಳ ದೂರದವರೆಗೆ ಕಣ್ಣಿಗೆ ಅಡ್ಡ ಬರುವ ಇನ್ನೊಂದು ಎತ್ತರ ಇಲ್ಲ.

ಗಜೇಂದ್ರಗಡದ ಕಡೆ ಬೇರೆ ಆಕಾರ. ಮರಳುಗಲ್ಲಿನ ಗುಡ್ಡಗಳು, ನೆತ್ತಿ ಚಪ್ಪಟೆ, ಅಂಚಿನಲ್ಲಿ ಕಡಿದಾದ ಬಂಡೆ. ಕಾಲಕಾಲೇಶ್ವರ ದೇವಸ್ಥಾನ ಇರುವುದು ಇಂಥ ಬಂಡೆಗೆ ಒರಗಿಯೇ. ನಕ್ಷೆಯಲ್ಲಿ ಇಂಥ ಗುಡ್ಡದ ಅಂಚಿನಲ್ಲಿ ಗೆರೆಗಳು ಒಂದಕ್ಕೊಂದು ಅಂಟುವ ಹಾಗೆ ಬರುತ್ತವೆ, ಒಳಗೆ ನೆತ್ತಿಯ ಮೇಲೆ ಖಾಲಿ ಜಾಗ. ಗೆರೆಗಳು ಕೂಡಿಕೊಂಡ ಹಾಗೆ ಕಂಡರೆ ಅಲ್ಲಿ ದಾರಿ ಹುಡುಕಬೇಡಿ. ಗೆರೆಗಳು ಸ್ವಲ್ಪ ಬಿಡಿಯಾಗಿ, ಒಂದು ಹಳ್ಳವೋ ಏಣೋ ಕೆಳಗೆ ಇಳಿಯುವ ಜಾಗದಲ್ಲೇ ಮೇಲೆ ಹೋಗುವ ದಾರಿ ಇರುತ್ತದೆ.

ಕಪ್ಪತಗುಡ್ಡ ಇವೆರಡಕ್ಕಿಂತ ಕಷ್ಟ, ಹಾಗಾಗಿ ಜಾಸ್ತಿ ಕಲಿಸುತ್ತದೆ. ಇದು ಒಂದು ಗುಡ್ಡ ಅಲ್ಲ, ವಾಯವ್ಯದಿಂದ ಆಗ್ನೇಯಕ್ಕೆ ಉದ್ದಕ್ಕೆ ಹೋಗುವ ಗುಡ್ಡಗಳ ಸಾಲು. ಗೆರೆಗಳು ದುಂಡಗೆ ಸುತ್ತುವುದಿಲ್ಲ, ಉದ್ದುದ್ದ ಎಳೆದ ಹಾಗೆ ಇರುತ್ತವೆ. ಸಾಲುಗಳ ನಡುವೆ ಉದ್ದದ ಕೊಳ್ಳಗಳಿವೆ, ಕೆಲವು ಕಡೆ ಹಳ್ಳಗಳು ಸಾಲನ್ನು ಅಡ್ಡ ಕೊರೆದು ಹೊರಗೆ ಬರುತ್ತವೆ. ಒಂದು ಸಾಲಿನ ನೆತ್ತಿಯ ಮೇಲೆ ಪೆನ್ಸಿಲ್ ಎಳೆಯುತ್ತಾ ಹೋಗಿ. ಎರಡು ಮುಚ್ಚಿದ ಸುತ್ತುಗಳ ನಡುವೆ ಗೆರೆಗಳು ಎರಡೂ ಕಡೆಯಿಂದ ಒಳಗೆ ಬಾಗಿರುವ ಜಾಗ ಸಿಗುತ್ತದೆ. ಅದು ಎರಡು ನೆತ್ತಿಗಳ ನಡುವಿನ ತಗ್ಗು. ಸಾಲನ್ನು ದಾಟಿ ಆಚೆ ಹೋಗಬೇಕು ಅಂದರೆ ಅಲ್ಲಿಂದ ದಾಟುವುದು ಸುಲಭ, ಹಳೆಯ ಕಾಲುದಾರಿಗಳೂ ಹೆಚ್ಚಾಗಿ ಅಲ್ಲೇ ಹಾಯ್ದಿರುತ್ತವೆ. ಗದಗ ಕಡೆಯಿಂದ ನೋಡಿದರೆ ಏಣಿನ ಉದ್ದಕ್ಕೂ ಗಾಳಿಯಂತ್ರಗಳು ನಿಂತಿರುವುದು ಕಾಣುತ್ತದೆ. ನೀವು ಹಾಳೆಯ ಮೇಲೆ ಎಳೆದ ನೆತ್ತಿಯ ಗೆರೆ ಸರಿಯಾಗಿದೆಯೇ ಅಂತ ದೂರದಿಂದಲೇ ಹೋಲಿಸಿ ನೋಡಲು ಅವು ಅನುಕೂಲ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮ ಆಗಿದೆ, ಒಳಗೆ ನಡೆಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಿ.

ಇನ್ನೊಂದು ಸೂಕ್ಷ್ಮ ಇದೆ. ಬುಡದಲ್ಲಿ ಗೆರೆ ಒತ್ತಾಗಿದ್ದು ಮೇಲೆ ಹೋದಂತೆ ಬಿಡಿಯಾದರೆ ಗುಡ್ಡ ಹೊರಗೆ ಉಬ್ಬಿದೆ. ಕೆಳಗೆ ನಿಂತವರಿಗೆ ನೆತ್ತಿ ಕಾಣುವುದಿಲ್ಲ, ಇದೇ ನೆತ್ತಿ ಅಂತ ಹತ್ತಿದರೆ ಇನ್ನೂ ಮುಂದಿರುತ್ತದೆ. ಇದರ ಉಲ್ಟಾ, ಬುಡದಲ್ಲಿ ಬಿಡಿ ಮೇಲೆ ಒತ್ತು ಇದ್ದರೆ ಕೆಳಗಿನಿಂದಲೇ ನೆತ್ತಿ ಕಾಣುತ್ತದೆ, ಆದರೆ ಕೊನೆಯ ಏರು ಕಡಿದು.

ಒಂದು ಅಡ್ಡಸೀಳು ಬರೆಯಿರಿ

ಅಡ್ಡಸೀಳು ಅಂದರೆ ನೆಲವನ್ನು ಒಂದು ಗೆರೆಯ ಉದ್ದಕ್ಕೂ ಕತ್ತರಿಸಿ ಪಕ್ಕದಿಂದ ನೋಡಿದ ಹಾಗಿನ ಚಿತ್ರ. ಇಷ್ಟು ಓದಿದ ಮೇಲೆ ಒಂದಾದರೂ ಬರೆಯದಿದ್ದರೆ ಕೈಗೆ ಹತ್ತುವುದಿಲ್ಲ. ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ ಒಳ್ಳೆಯದು, ಬೆಳಿಗ್ಗೆ ವಾಕಿಂಗ್‌ಗೆ ಹೋದಾಗಲೇ ಸರಿಯಾಗಿದೆಯೇ ಅಂತ ನೋಡಬಹುದು. ಉಣಕಲ್ ಕೆರೆಯಿಂದ ಬೆಟ್ಟದ ನೆತ್ತಿಯ ಮೇಲೆ ಹಾಯುವ ಹಾಗೆ ಆಚೆ ಬದಿಯವರೆಗೆ ಹಾಳೆಯ ಮೇಲೆ ಒಂದು ನೇರ ಗೆರೆ ಎಳೆಯಿರಿ. ಒಂದು ಬಿಳಿ ಕಾಗದದ ಅಂಚನ್ನು ಆ ಗೆರೆಗೆ ಸರಿಯಾಗಿ ಇಡಿ. ಅಂಚಿಗೆ ಎಲ್ಲೆಲ್ಲಿ ಕಾಂಟೂರ್ ಗೆರೆ ತಾಗುತ್ತದೋ ಅಲ್ಲೆಲ್ಲ ಸಣ್ಣ ಗೀಟು ಹಾಕಿ ಎತ್ತರ ಬರೆಯಿರಿ. ಕೆರೆ, ರಸ್ತೆ ಬಂದರೆ ಅದನ್ನೂ ಗುರುತು ಮಾಡಿ.

ಈಗ ಗ್ರಾಫ್ ಹಾಳೆಯ ಮೇಲೆ ಆ ಕಾಗದ ಇಟ್ಟು, ಪ್ರತಿ ಗೀಟಿನ ನೇರಕ್ಕೆ ಅದರ ಎತ್ತರದಲ್ಲಿ ಚುಕ್ಕೆ ಹಾಕಿ. ಎತ್ತರಕ್ಕೆ 1 ಸೆಂಟಿಮೀಟರ್‌ಗೆ 100 ಮೀಟರ್ ಇಟ್ಟುಕೊಂಡರೆ, ಅಡ್ಡಕ್ಕೆ 1 ಸೆಂಟಿಮೀಟರ್‌ಗೆ 500 ಮೀಟರ್ ಇರುವುದರಿಂದ ಗುಡ್ಡ ಐದು ಪಟ್ಟು ಎತ್ತರವಾಗಿ ಕಾಣುತ್ತದೆ. ನಮ್ಮ ಕಡೆಯ ನೆಲಕ್ಕೆ ಇಷ್ಟು ಹಿಗ್ಗಿಸುವುದು ಬೇಕೇ ಬೇಕು, ಇಲ್ಲದಿದ್ದರೆ ಚಿತ್ರದಲ್ಲಿ ಬರೀ ಅಡ್ಡ ಗೆರೆ ಕಾಣುತ್ತದೆ. ಎಷ್ಟು ಪಟ್ಟು ಹಿಗ್ಗಿಸಿದ್ದೀರಿ ಅನ್ನುವುದನ್ನು ಚಿತ್ರದ ಕೆಳಗೆ ಬರೆದಿಡಿ. ಚುಕ್ಕೆಗಳನ್ನು ನಯವಾದ ಗೆರೆಯಿಂದ ಕೂಡಿಸಿ, ನೆತ್ತಿಯ ಹತ್ತಿರ ಚೂಪು ಮಾಡಬೇಡಿ. ಒಂದು ಜಾಗದಿಂದ ಇನ್ನೊಂದು ಕಾಣುತ್ತದೆಯೇ ಅನ್ನುವುದಕ್ಕೆ ಎರಡರ ನಡುವೆ ಸ್ಕೇಲ್ ಇಡಿ. ನೆಲದ ಗೆರೆ ಸ್ಕೇಲಿಗಿಂತ ಮೇಲೆ ಎದ್ದರೆ ಕಾಣುವುದಿಲ್ಲ.

ಗೆರೆ ಇಲ್ಲದ ಜಾಗ

ನವಲಗುಂದ, ನರಗುಂದ, ರೋಣ ಕಡೆಯ ಎರೆ ಬಯಲಿನ ಹಾಳೆ ನೋಡಿ ಇಲ್ಲಿ ಏನೂ ಇಲ್ಲ ಅಂತ ಬದಿಗಿಡುವವರು ಇದ್ದಾರೆ. ನನ್ನ ಪ್ರಕಾರ ಅದೇ ಜಾಸ್ತಿ ಹೇಳುವ ಹಾಳೆ. ಎರಡು ಗೆರೆಗಳು 10 ಸೆಂಟಿಮೀಟರ್ ದೂರ ಇದ್ದರೆ 5 ಕಿಲೋಮೀಟರ್‌ಗೆ 20 ಮೀಟರ್ ಇಳಿಜಾರು, 250ಕ್ಕೆ 1. ಇಂಥ ನೆಲದಲ್ಲಿ ಬೆಣ್ಣೆಹಳ್ಳ ದಂಡೆ ಮೀರಿದರೆ ನೀರು ಬೇಗ ಇಳಿದು ಹೋಗಲು ದಾರಿಯೇ ಇಲ್ಲ, ಹೊಲಗಳ ಮೇಲೆ ಅಗಲಕ್ಕೆ ಹರಡುತ್ತದೆ. ಹಳ್ಳದ ಸುತ್ತಲಿನ ಊರಿನವರಿಗೆ ಇದು ಹೊಸ ವಿಷಯ ಅಲ್ಲ. ಹಾಳೆಯಲ್ಲಿ ಇದನ್ನು ಗೆರೆಗಳು ಹೇಳುವುದಿಲ್ಲ, ಗೆರೆಗಳ ನಡುವಿನ ದೂರ ಹೇಳುತ್ತದೆ.

ಹಾಗೆಯೇ 20 ಮೀಟರ್ ಅಂತರದ ಹಾಳೆ ಏನನ್ನು ಮುಚ್ಚಿಡುತ್ತದೆ ಅಂತಲೂ ತಿಳಿದಿರಬೇಕು. ಎರಡು ಗೆರೆಗಳ ನಡುವೆ 15 ಮೀಟರ್ ಎತ್ತರದ ದಿಬ್ಬ ಇದ್ದರೂ ಅದಕ್ಕೆ ಗೆರೆ ಬರದೇ ಇರಬಹುದು. 5 ಮೀಟರ್ ಆಳದ ಹಳ್ಳದ ದಂಡೆ, ಹಳೆಯ ಕಲ್ಲು ಕ್ವಾರಿ, ರಸ್ತೆಗೆ ಕಡಿದ ಜಾಗ, ಇವೆಲ್ಲ ಬೇರೆ ಗುರುತಿನಿಂದ ತೋರಿಸಿದ್ದರೆ ಮಾತ್ರ ಕಾಣುತ್ತವೆ. ಸರ್ವೆ ಆದ ವರ್ಷದ ನಂತರ ಅಗೆದದ್ದು, ಕಟ್ಟಿದ್ದು ಇರುವುದೇ ಇಲ್ಲ.

ಮೊಬೈಲ್ ಬಗ್ಗೆ ಎರಡು ಮಾತು. ಗೂಗಲ್ ಮ್ಯಾಪ್ಸ್‌ನ ಟೆರೇನ್ ಪದರದಲ್ಲಿ, ಓಪನ್‌ಟೋಪೋಮ್ಯಾಪ್‌ನಲ್ಲಿ ಕಾಂಟೂರ್ ಗೆರೆ ಸಿಗುತ್ತದೆ. ಓಪನ್‌ಟೋಪೋಮ್ಯಾಪ್‌ನ ಗೆರೆಗಳಿಗೆ ಆಧಾರ 2000ನೇ ಇಸವಿಯ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಅಳತೆ ಮಾಡಿದ ಎಸ್‌ಆರ್‌ಟಿಎಂ ಮಾಹಿತಿ. ಕಾಡು ದಟ್ಟವಾಗಿರುವ ಕಡೆ ಅದರಲ್ಲಿ ಮರಗಳ ಎತ್ತರವೂ ಸ್ವಲ್ಪ ಸೇರಿರುತ್ತದೆ. ಇನ್ನು ಜಿಪಿಎಸ್ ತೋರಿಸುವ ಎತ್ತರ. ಕೆಲವು ಆ್ಯಪ್‌ಗಳು ಸಮುದ್ರಮಟ್ಟದಿಂದ ಅಲ್ಲ, ಭೂಮಿಯ ಗಣಿತದ ಆಕಾರದಿಂದ ಲೆಕ್ಕ ಹಾಕಿದ ಎತ್ತರ ಕೊಡುತ್ತವೆ. ದಕ್ಷಿಣ ಭಾರತದಲ್ಲಿ ಈ ಎರಡರ ನಡುವೆ ಹತ್ತಾರು ಮೀಟರ್ ವ್ಯತ್ಯಾಸ ಇದೆ, ಟೋಪೋಶೀಟ್ ಲೆಕ್ಕದಲ್ಲಿ ಮೂರು ನಾಲ್ಕು ಗೆರೆಯಷ್ಟು. ಮೊಬೈಲ್ ಅಂಕಿ ಹಾಳೆಗಿಂತ ತುಂಬಾ ಕಡಿಮೆ ತೋರಿಸಿದರೆ ಆ್ಯಪ್‌ನ ಸೆಟ್ಟಿಂಗ್ ಮೊದಲು ನೋಡಿ.

ಹೊಲದ ಲೆಕ್ಕಕ್ಕೆ

ನಮ್ಮ ಹೊಲದ ಇಳಿಜಾರು ಟೋಪೋಶೀಟ್‌ನಲ್ಲಿ ಗೊತ್ತಾಗುತ್ತದೆಯೇ ಅಂತ ರೈತರು ಕೇಳುತ್ತಾರೆ. ಈ ಹಾಳೆಯಲ್ಲಿ ಒಂದು ಎಕರೆ ಅಂದರೆ ಬದಿಗೆ 1.3 ಮಿಲಿಮೀಟರ್ ಇರುವ ಚೌಕ. ಪೆನ್ಸಿಲ್ ಚುಕ್ಕೆಯಷ್ಟು. ನಿಮ್ಮ ಹೊಲದ ಮೇಲಿನಿಂದ ಎಷ್ಟು ಜಾಗದ ನೀರು ಬರುತ್ತದೆ, ಅದು ಮುಂದೆ ಯಾವ ಹಳ್ಳ ಸೇರುತ್ತದೆ ಅನ್ನುವುದಕ್ಕೆ ಹಾಳೆ ಸಾಕು. ಬದು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಹೊಲದಲ್ಲೇ ಗೆರೆ ಎಳೆಯಬೇಕು.

ಅದಕ್ಕೆ ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪ್ ಸಾಕು. ಒಂದೇ ಅಳತೆಯ ಗುರುತು ಹಾಕಿದ ಎರಡು ಕೋಲುಗಳಿಗೆ ಪೈಪಿನ ಎರಡು ತುದಿ ಕಟ್ಟಿ, ಗಾಳಿಗುಳ್ಳೆ ಇಲ್ಲದ ಹಾಗೆ ನೀರು ತುಂಬಿ. ಒಬ್ಬರು ಮೊದಲ ಗೂಟದ ಹತ್ತಿರ ನಿಲ್ಲಿ. ಇನ್ನೊಬ್ಬರು 10 ಮೀಟರ್ ಆಚೆ ಹೋಗಿ, ಎರಡೂ ಕೋಲಿನ ಮೇಲೆ ನೀರು ಒಂದೇ ಗುರುತಿಗೆ ಬರುವವರೆಗೆ ಮೇಲೆ ಕೆಳಗೆ ಸರಿಯಲಿ. ಬಂದ ಜಾಗದಲ್ಲಿ ಗೂಟ ಹೊಡೆಯಿರಿ. ಹಾಗೆಯೇ ಮುಂದೆ ಮುಂದೆ. ಗೂಟಗಳನ್ನು ಸುಣ್ಣದ ಗೆರೆಯಿಂದ ಕೂಡಿಸಿದರೆ ಅದು ನಿಮ್ಮ ಹೊಲದ ಕಾಂಟೂರ್.

ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಈ ಗೆರೆಯ ಮೇಲೆಯೇ ಸಮಪಾತಳಿ ಬದು ಹಾಕಬಹುದು. ಆಳದ ಎರೆ ಹೊಲದಲ್ಲಿ ಹಾಗೆ ಮಾಡಬೇಡಿ. ಅಲ್ಲಿ ನೀರು ಬೇಗ ಇಂಗುವುದಿಲ್ಲ, ಬದುವಿನ ಹಿಂದೆ ನಿಂತು ಬೆಳೆ ಕೊಳೆಯುತ್ತದೆ. ಬೇಸಿಗೆಯಲ್ಲಿ ಎರೆ ಬಿರಿದಾಗ ಬದುವೂ ಬಿರಿಯುತ್ತದೆ, ಮುಂದಿನ ಮಳೆಗೆ ಅಲ್ಲೇ ಒಡೆಯುತ್ತದೆ. ಎರೆಗೆ ಬದುವಿನ ಉದ್ದಕ್ಕೂ ಸಣ್ಣ ಇಳಿಜಾರು ಕೊಡಬೇಕು, 100 ಮೀಟರ್‌ಗೆ 20ರಿಂದ 40 ಸೆಂಟಿಮೀಟರ್. ಅಂದರೆ 10 ಮೀಟರ್‌ಗೆ ಒಂದರಂತೆ ಹೊಡೆಯುವ ಪ್ರತಿ ಗೂಟವೂ ಹಿಂದಿನದಕ್ಕಿಂತ 2ರಿಂದ 4 ಸೆಂಟಿಮೀಟರ್ ತಗ್ಗಿನಲ್ಲಿ ಇರಬೇಕು, ಕೊನೆಯ ಗೂಟ ಹುಲ್ಲು ಹಿಡಿದ ಕಾಲುವೆಗೋ ಹಳ್ಳಕ್ಕೋ ಸೇರಬೇಕು. ಆ ಹಳ್ಳ ಯಾವುದು, ಅದು ನಿಮ್ಮ ಕೆಳಗಿನವರ ಹೊಲದೊಳಗೆ ಹಾಯುತ್ತದೆಯೇ ಅನ್ನುವುದನ್ನು ಗೂಟ ಹೊಡೆಯುವ ಮೊದಲು ಟೋಪೋಶೀಟ್‌ನಲ್ಲಿ ನೋಡಿಕೊಳ್ಳಿ.